ಐವತ್ತು ರಾಜ್ಯದ ವರ್ಲೀನ್

ನಲವತ್ತೊಂಬತ್ತು ರಾಜ್ಯಗಳ ವಿಷಯದಲ್ಲಿ ವರ್ಲೀನ್ ಟ್ಯಾಕೆಟ್ ಎಂದೂ ತಪ್ಪಿದವಳಲ್ಲ. ಐವತ್ತನೆಯದು ಅವಳ ಸ್ವಂತ ರಾಜ್ಯ. ಅದರಲ್ಲಿ ತಪ್ಪಿದಳು. ಈಗ ನಮ್ಮ ಕಡೆ ಅವಳ ಬಗ್ಗೆ ಒಳ್ಳೆಯ ಮಾತು ಆಡುವವರು ಯಾರೂ ಇಲ್ಲ. ಆಡಬೇಕಾದವನು ನಾನು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ನಾನು ಎಲ್ವಿನ್ ಸ್ಕ್ಯಾಗ್ಸ್. ಒಹಾಯೋ ನದಿಯ ಈಚೆ ದಡದ ಗುಡ್ಡದ ಮೇಲಿರುವ ಸಣ್ಣ ಕಾಲೇಜಿನ ಅಂಚೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಕಟ್ಟಡದ ನೆಲಮಾಳಿಗೆಯಲ್ಲಿ ನನ್ನ ಕೋಣೆ, ಅದರ ಮೇಲಿನ ಮಹಡಿಯಲ್ಲಿ ವರ್ಲೀನಳ ಮೇಜು. ಒಳಗಿಂದ ಹೊರಗೆ ಹೋಗುವ ಕಾಗದವೆಲ್ಲ ನನ್ನ ಕೈ ದಾಟಿಯೇ ಹೋಗಬೇಕಿತ್ತು.

ವರ್ಲೀನಳ ಕೆಲಸ ಏನೆಂದರೆ, ಲೈಸೆನ್ಸಿನ ವಿಷಯದಲ್ಲಿ ಮಕ್ಕಳಿಗೆ ನಿಜ ಹೇಳುವುದು. ಟೀಚರು, ನರ್ಸು, ಕೌನ್ಸೆಲರು ಆಗುವವರಿಗೆ ಪದವಿ ಕೊಡುವುದು ಕಾಲೇಜು. ಕೆಲಸ ಮಾಡಲು ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮಂಡಳಿ. ಒಂದೊಂದು ಮಂಡಳಿಗೆ ಒಂದೊಂದು ಲೆಕ್ಕ. ಒಂದು ರಾಜ್ಯಕ್ಕೆ ಸಾಲುವ ಓದು ಪಕ್ಕದ ರಾಜ್ಯಕ್ಕೆ ಸಾಲುವುದಿಲ್ಲ. ಆದ್ದರಿಂದ ಸೇರುವ ಮೊದಲೇ 'ನಿನ್ನ ರಾಜ್ಯದಲ್ಲಿ ಈ ಓದು ನಡೆಯುತ್ತದೆ' ಅಥವಾ 'ನಡೆಯುವುದಿಲ್ಲ' ಎಂದು ಕಾಲೇಜು ಕಾಗದದಲ್ಲಿ ತಿಳಿಸಿ ವಿದ್ಯಾರ್ಥಿಯ ಸಹಿ ಪಡೆಯಬೇಕು. ನಡುವೆ ಮಂಡಳಿ ನಿಯಮ ಬದಲಿಸಿದರೆ ಹದಿನಾಲ್ಕು ದಿನದೊಳಗೆ ಮತ್ತೆ ತಿಳಿಸಬೇಕು. ಸರ್ಕಾರದ ಕಟ್ಟಳೆ ಇದು. ಬೇರೆ ಕಾಲೇಜುಗಳಲ್ಲಿ ಇದನ್ನು ಯಾರೋ ಕಂಪ್ಯೂಟರಿನಲ್ಲಿ ಹೋದ ವರ್ಷದ ಪಟ್ಟಿಯ ತಾರೀಕು ತಿದ್ದಿ ಮುಗಿಸುತ್ತಾರೆ ಎಂದು ಕೇಳಿದ್ದೇನೆ. ವರ್ಲೀನ್ ಹಾಗಲ್ಲ. ಪ್ರತಿ ಜೂನ್‌ನಲ್ಲಿ ಐವತ್ತು ರಾಜ್ಯಕ್ಕೂ ತಾನೇ ಫೋನ್ ಮಾಡುತ್ತಿದ್ದಳು.

ಮಂಡಳಿಯವರು ಫೋನು ಎತ್ತಿ ಕಾಯಿಸುವಾಗ ಅವಳು ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಬೀನ್ಸಿನ ನಾರು ತೆಗೆಯುತ್ತಿದ್ದಳು. ಮೂರು ರಾಜ್ಯಕ್ಕೆ ಒಂದು ಬೋಗುಣಿ ತುಂಬುತ್ತಿತ್ತು. ನಾನು ಮಧ್ಯಾಹ್ನದ ಟಪಾಲು ಕೊಡಲು ಹೋದಾಗ ಕೆಣಕುತ್ತಿದ್ದೆ.

"ಏನೇ, ಇವತ್ತು ಎಷ್ಟು ರಾಜ್ಯ ಗೆದ್ದೆ?"

"ಎರಡು. ಮೂರನೇವ್ಳು 'ನಮ್ಮ ವೆಬ್‌ಸೈಟ್ ನೋಡಿ' ಅಂದ್ಲು. 'ನೋಡಿಯೇ ಫೋನ್ ಮಾಡಿದೀನಿ ತಾಯಿ, ಎರಡು ಕಡೆ ಎರಡು ಥರ ಬರ್ದಿದೀರಲ್ಲ, ಯಾವ್ದು ನಿಜ?' ಅಂದೆ. ಫೋನು ಕುಕ್ಕಿಬಿಟ್ಲು ನೋಡು."

"ಮತ್ತೆ?"

"ಮತ್ತೆ ಇನ್ನೇನು, ಮತ್ತೆ ಮಾಡ್ದೆ. ಅವ್ಳ ಹೆಸ್ರು ಕೇಳಿ ಬರ್ಕೊಂಡೆ. ಹೆಸ್ರು ಬರ್ಕೋತೀನಿ ಅಂದ್ರೆ ಸಾಕು, ಎಲ್ರಿಗೂ ನಿಜ ನೆನಪಾಗುತ್ತೆ ಕಣೋ."

ಹೀಗೆ ಅವಳಿಗೆ ಐವತ್ತು ರಾಜ್ಯದ ವರ್ಲೀನ್ ಎಂದು ಹೆಸರು ಬಿತ್ತು. ಪ್ರೊಫೆಸರುಗಳು ಹಿಂದಿನಿಂದ ನಗುತ್ತಿದ್ದರು. ನಗಲಿ. ಆ ಕಟ್ಟಡದಲ್ಲಿ ತಾನು ಬರೆದ ಒಂದೊಂದು ಸಾಲಿಗೂ ಜವಾಬು ಕೊಡಬಲ್ಲವರು ಇನ್ನೊಬ್ಬರಿರಲಿಲ್ಲ.

ಅವಳದೊಂದು ಹಟವಿತ್ತು. ಬಾಯಲ್ಲಿ ಏನನ್ನೂ ಹೇಳುವವಳಲ್ಲ. ಯಾರಾದರೂ ಕಿಟಕಿಯ ಬಳಿ ಬಂದು "ನನ್ನ ರಾಜ್ಯದಲ್ಲಿ ಆಗುತ್ತಾ?" ಎಂದರೆ "ಕಾಗದ ಬರುತ್ತೆ, ಓದಿ, ಸಹಿ ಹಾಕಿ" ಎನ್ನುವಳು, ಅಷ್ಟೇ. ಇದಕ್ಕೆ ಕಾರಣವಿದೆ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮೇಜಿನಲ್ಲಿದ್ದ ಹಿಂದಿನ ಗುಮಾಸ್ತೆ, ಪಶ್ಚಿಮದ ಕಡೆಯ ಒಬ್ಬ ಹುಡುಗನಿಗೆ "ಆಗುತ್ತಪ್ಪಾ, ಯಾಕಾಗಲ್ಲ" ಎಂದಿದ್ದಳಂತೆ. ಅವನು ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಿದ. ಊರಿಗೆ ಹೋದ. ಮಂಡಳಿಯವರು ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಹಿಂದೆ ಬಂದು, ಕಟ್ಟು ಹಾಕಿಸಿದ ಪದವಿ ಪತ್ರವನ್ನು ಎದೆಗೆ ಅವಚಿಕೊಂಡು ಕಿಟಕಿಯ ಮುಂದೆ ಒಂದು ಗಂಟೆ ನಿಂತಿದ್ದ. ಬೈಯಲೂ ಇಲ್ಲ. ಗುಮಾಸ್ತೆ "ನಾನು ಹಾಗೆ ಹೇಳಿಲ್ಲವಲ್ಲ" ಎಂದುಬಿಟ್ಟಳು. ಪಕ್ಕದ ಮೇಜಿನಲ್ಲಿ ಕೂತು ಎರಡೂ ಮಾತನ್ನು ಕೇಳಿಸಿಕೊಂಡವಳು ವರ್ಲೀನ್. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಅವತ್ತಿನಿಂದ ಅವಳು ಆಡುವುದನ್ನೇ ಬಿಟ್ಟಳು.

ವರ್ಲೀನಳ ಮನೆ ಆಚೆ ದಡದ ಮಡ್ ಲಿಕ್ ಕಣಿವೆಯಲ್ಲಿ. ಸೇತುವೆ ದಾಟಿದರೆ ಬೇರೆ ರಾಜ್ಯ. ಗಂಡ ಸತ್ತ ಮೇಲೂ ಅಲ್ಲೇ ಒಬ್ಬಳೇ ಇದ್ದಳು. ಮಡ್ ಲಿಕ್ಕಿನ ಅಂಚೆ ಕಚೇರಿ ಒಂದು ಪ್ರವಾಹದಲ್ಲಿ ಸೊಂಟದವರೆಗೆ ಮುಳುಗಿ, ಆಮೇಲೆ ತೆರೆಯಲೇ ಇಲ್ಲ. ಅಲ್ಲಿನ ಒಲೆ ಹೊತ್ತುವ ಪ್ರತಿ ಮನೆಗೂ ಈಚೆ ದಡದ ನಮ್ಮ ಊರಿನ ಅಂಚೆ ಕಚೇರಿಯಲ್ಲಿ ಒಂದು ಬೀಗದ ಪೆಟ್ಟಿಗೆ. ವಾರಕ್ಕೊಮ್ಮೆ ಸಾಮಾನು ತರಲು ಬಂದಾಗ ಟಪಾಲು ತೆಗೆದುಕೊಂಡು ಹೋಗುತ್ತಾರೆ. ವಿಳಾಸ ಕೇಳಿದರೆ ಮಡ್ ಲಿಕ್ಕಿನವರು ಯೋಚಿಸದೆ ಪೆಟ್ಟಿಗೆಯ ನಂಬರು, ನಮ್ಮ ಊರು, ಈಚೆ ರಾಜ್ಯ ಎಂದು ಬರೆಯುತ್ತಾರೆ. ಅದು ಸುಳ್ಳೆಂದು ಯಾರಿಗೂ ಅನಿಸುವುದಿಲ್ಲ. ವರ್ಲೀನಳೂ ಹತ್ತೊಂಬತ್ತು ವರ್ಷದಿಂದ ಹಾಗೇ ಬರೆಯುತ್ತಿದ್ದಳು.

ಕಾಲೇಜಿನ ಕಂಪ್ಯೂಟರಿಗೆ ಮನೆ ಎಲ್ಲಿದೆ ಎಂದು ಗೊತ್ತಿಲ್ಲ. ವಿಳಾಸದ ಕೊನೆಯಲ್ಲಿ ಯಾವ ರಾಜ್ಯದ ಹೆಸರಿದೆಯೋ ಅದೇ ವಿದ್ಯಾರ್ಥಿಯ ರಾಜ್ಯ.

ಡ್ರೀಮಾ ರಾಟ್ಲಿಫ್ ವರ್ಲೀನಳ ನೆರೆಮನೆಯವಳು. ನಲವತ್ತೊಂದು ವಯಸ್ಸು. ಹಾಸಿಗೆ ಹಿಡಿದ ಮುದುಕರ ಮನೆಗಳಿಗೆ ಹೋಗಿ ಮೈತೊಳೆಸಿ ಊಟ ಮಾಡಿಸುವ ಕೆಲಸ. ಅವಳ ತಮ್ಮ ರಾಯ್ಸ್ ನೋವಿನ ಮಾತ್ರೆಗೆ ಬಿದ್ದು, ಮಾತ್ರೆಯಿಂದ ಸೂಜಿಗೆ ಹೋಗಿ, ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಸತ್ತ. ಆ ಕಣಿವೆಯಲ್ಲಿ ಹಾಗೆ ಸತ್ತವರ ಫೋಟೋ ಚರ್ಚಿನ ಹಿಂದಿನ ಗೋಡೆಯಲ್ಲಿ ಸಾಲಾಗಿ ಅಂಟಿಸಿದ್ದಾರೆ. ಗೋಡೆಯ ಅರ್ಧ ತುಂಬಿದೆ. ಕೂರಿಸಿ ಮಾತಾಡಿಸಿ ಚಟ ಬಿಡಿಸುವ ಒಬ್ಬ ಕೌನ್ಸೆಲರ್ ಬೇಕೆಂದರೆ ಅವರು ಎಪ್ಪತ್ತು ಮೈಲಿ ಹೋಗಬೇಕು. ಕೊನೆಗೆ ಮಡ್ ಲಿಕ್ ಕಣಿವೆಯ ಬಾಯಲ್ಲಿ ಒಂದು ಸಣ್ಣ ಕ್ಲಿನಿಕ್ ತೆರೆಯಿತು. ಅಲ್ಲಿನ ಡಾಕ್ಟರಮ್ಮ ಡ್ರೀಮಾಗೆ, "ನೀನು ಓದಿ ಲೈಸೆನ್ಸ್ ತಗೊಂಡು ಬಾ, ಇಲ್ಲಿ ಕೌನ್ಸೆಲರ್ ಕೋಣೆ ಖಾಲಿ ಇದೆ, ಅದು ನಿಂದು" ಎಂದರು. ಡ್ರೀಮಾ ಹೆದರಿದಳು. ಧೈರ್ಯ ಹೇಳಿ ಸೇರಿಸಿದವಳು ವರ್ಲೀನ್. ತನ್ನ ಹಟ ಮುರಿದು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. "ಸೇರ್ಕೊಳೇ. ಪಟ್ಟಿ ನಾನೇ ನೋಡ್ತೀನಿ. ಆಚೆ ರಾಜ್ಯಕ್ಕೂ ನಡಿಯುತ್ತೆ." ಆಗ ನಡೆಯುತ್ತಿತ್ತು. ಹೇಳಿದ್ದು ನಿಜವೇ.

ಡ್ರೀಮಾ ಸೇರಿದಳೆಂದು ಅವಳ ಹಿಂದೆ ಮಡ್ ಲಿಕ್ಕಿನ ಇನ್ನೂ ಆರು ಹೆಂಗಸರು ಸೇರಿದರು. ಏಳು ಜನ ಒಂದೇ ಹಳೆಯ ವ್ಯಾನಿನಲ್ಲಿ ಸಂಜೆ ತರಗತಿಗೆ ಬಂದು ಹೋಗುವರು. ಹದಿಮೂರು ಜನರ ತರಗತಿಯಲ್ಲಿ ಏಳು ಜನ ಅವರೇ.

ಎರಡನೆಯ ವರ್ಷದ ಜೂನ್. ಆಚೆ ರಾಜ್ಯದ ಮಂಡಳಿ ಕೌನ್ಸೆಲರುಗಳ ನಿಯಮ ಬದಲಿಸಿತು. ಈ ಶರತ್ಕಾಲದಿಂದ ತರಬೇತಿ ಶುರು ಮಾಡುವವರು ತಮ್ಮ ರಾಜ್ಯದ ನೆಲದಲ್ಲೇ, ಅಲ್ಲಿನ ಲೈಸೆನ್ಸ್ ಇರುವವರ ಕೈಕೆಳಗೇ ಮಾಡಬೇಕು. ಈಚೆ ದಡದ ಆಸ್ಪತ್ರೆಯಲ್ಲಿ ಮಾಡಿದ ಒಂದು ಗಂಟೆಯೂ ಲೆಕ್ಕಕ್ಕಿಲ್ಲ. ವರ್ಲೀನ್ ಅದನ್ನು ಮೊದಲನೆಯ ದಿನವೇ ಹಿಡಿದಳು. ಹೇಳಿದ ಹೆಂಗಸಿನ ಹೆಸರು ಬರೆದುಕೊಂಡಳು. ಪಟ್ಟಿಯಲ್ಲಿ ಆಚೆ ರಾಜ್ಯದ ಮುಂದೆ 'ನಡೆಯುವುದಿಲ್ಲ' ಎಂದು ತಿದ್ದಿದಳು. ಕೌನ್ಸೆಲಿಂಗ್ ತರಗತಿಯಲ್ಲಿ ಆಚೆ ರಾಜ್ಯದವರು ಎಷ್ಟು ಜನ ಎಂದು ಕಂಪ್ಯೂಟರನ್ನು ಕೇಳಿದಳು.

ಸೊನ್ನೆ ಎಂದಿತು.

"ದೇವ್ರು ದೊಡ್ಡೋನು ಎಲ್ವಿನ್, ಒಬ್ರಿಗೂ ತೊಂದ್ರೆ ಇಲ್ಲ" ಎಂದು ನನ್ನ ಹತ್ತಿರ ಹೇಳಿದಳು. ನಾನೂ "ಒಳ್ಳೇದಾಯ್ತು" ಎಂದೆ. ಮಡ್ ಲಿಕ್ಕಿನ ವ್ಯಾನು ಪ್ರತಿ ಸಂಜೆ ನನ್ನ ಕಿಟಕಿಯ ಮುಂದೆಯೇ ನಿಲ್ಲುತ್ತಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಸೆಪ್ಟೆಂಬರಿನಲ್ಲಿ ವರ್ಲೀನಳ ಕಾರು ಕೆಟ್ಟಿತು. ಮನೆಗೆ ಮರಳುವಾಗ ಡ್ರೀಮಾ ವ್ಯಾನಿನಲ್ಲಿ ಕೂರಿಸಿಕೊಂಡಳು. ವ್ಯಾನಿನ ತುಂಬ ನಗು, ಹರಟೆ. ಏಳೂ ಜನಕ್ಕೆ ಈಚೆ ದಡದ ಆಸ್ಪತ್ರೆಯಲ್ಲಿ ತರಬೇತಿಯ ಜಾಗ ಸಿಕ್ಕಿತ್ತು. ಡ್ರೀಮಾ, "ಮುಂದಿನ್ ಜೂನ್‌ಗೆ ಆ ಕೋಣೆ ಬೀಗದ ಕೈ ನನ್ ಕೈಯಲ್ಲಿ, ಮಿಸ್ ವರ್ಲೀನ್. ಮೊದಲ್ನೇ ದಿನ ನೀವೇ ಬಂದು ಕೂರ್ಬೇಕು, ನಿಮ್ ತಲೆ ಸರಿ ಇದ್ಯಾ ನೋಡ್ತೀನಿ" ಎಂದು ಛೇಡಿಸಿದಳಂತೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗ ಸೇತುವೆ ಮುಗಿಯಿತು. ಆಚೆ ತುದಿಯಲ್ಲಿ ಆ ರಾಜ್ಯದ ಸ್ವಾಗತ ಫಲಕ. ವರ್ಲೀನ್ ದಿನಕ್ಕೆ ಎರಡು ಸಲ ಅದನ್ನು ದಾಟುತ್ತಿದ್ದವಳು, ಅವತ್ತು ಅದನ್ನು ಓದಿದಳು.

"ಕೈಕಾಲು ತಣ್ಣಗಾಗ್ಬಿಡ್ತು ಕಣೋ" ಎಂದಳು ಮಾರನೆಯ ಬೆಳಗ್ಗೆ ನನ್ನ ಕೋಣೆಗೆ ಬಂದು.  "ಏಳು ಜನಾನೂ ಆಚೆಯವ್ರೇ. ನಾನೂ ಆಚೆಯವ್ಳೇ! ಕಂಪ್ಯೂಟ್ರು ಸೊನ್ನೆ ಅಂದಾಗ ನನ್ ಬುದ್ಧಿ ಮಣ್ಣು ತಿಂತಿತ್ತಾ?"

"ಅಲ್ಲೇ ಹೇಳ್ಬಿಡೋದಲ್ವೇನೇ?"

"ಹ್ಯಾಗ್ ಹೇಳ್ಲಿ? ಮಂಡಳಿಯೋರ್ನ ಮತ್ತೊಂದ್ಸಲ ಕೇಳ್ದೆ ಹ್ಯಾಗ್ ಹೇಳ್ಲಿ? ಬಾಯಲ್ಲಿ ಹೇಳಿ ನಾಳೆ ಇನ್ನೊಂದು ಥರ ಆದ್ರೆ? ಒಂದ್ಸಲ ಬಾಯಲ್ಲಿ ಹೇಳಿದ್ದಕ್ಕೆ ತಾನೆ ಅವ್ಳು ಸೇರಿದ್ದು! ಕಾಗದ್ದಲ್ಲೇ ಹೋಗ್ಬೇಕು. ಇನ್ನೂ ಟೈಮಿದೆ."

ಟೈಮಿತ್ತು. ತರಬೇತಿಯ ಜಾಗ ಬದಲಿಸಿಕೊಳ್ಳಲು ಅಕ್ಟೋಬರಿನ ಮೊದಲ ಶುಕ್ರವಾರದವರೆಗೆ ಅವಕಾಶ. ಅಷ್ಟರಲ್ಲಿ ಅರ್ಜಿ ಕೊಟ್ಟರೆ ಮಡ್ ಲಿಕ್ಕಿನ ಕ್ಲಿನಿಕ್ಕಿನಲ್ಲೇ, ಆ ಡಾಕ್ಟರಮ್ಮನ ಕೈಕೆಳಗೇ ತರಬೇತಿ ಮಾಡಬಹುದು, ಎಲ್ಲವೂ ಸರಿಹೋಗುತ್ತದೆ. ಆ ಶುಕ್ರವಾರ ದಾಟಿದರೆ ಏಳು ಜನರ ಓದೂ ಅವರ ರಾಜ್ಯದಲ್ಲಿ ಕಸ. ಅವರ ಮನೆ, ಅವರ ಸತ್ತವರು, ಸಾಯಲಿರುವವರು, ಎಲ್ಲರೂ ಇರುವುದು ಆ ದಡದಲ್ಲಿ.

ಅವಳು ಆವತ್ತೇ ಡಾಕ್ಟರ್ ಪ್ರೆಂಟಿಸ್ ಆಲ್ಡ್ರಿಚ್ ಹತ್ತಿರ ಹೋದಳು. ಓದಿನ ವ್ಯವಹಾರಕ್ಕೆಲ್ಲ ಅವರೇ ಯಜಮಾನರು. ಯಾರನ್ನೂ ಗದರಿದವರಲ್ಲ, ನಯವಾದ ದನಿ, ಸ್ವಚ್ಛವಾದ ಉಗುರು. ಅವರು ಹೇಳಿದ್ದನ್ನು ವರ್ಲೀನ್ ನನಗೆ ಅಕ್ಷರ ಬಿಡದೆ ಒಪ್ಪಿಸಿದಳು.

"ವಿದ್ಯಾರ್ಥಿ ಕೊಟ್ಟ ವಿಳಾಸವೇ ವಿದ್ಯಾರ್ಥಿಯ ಜಾಗ, ವರ್ಲೀನ್. ಕಾನೂನಿನ ಪ್ರಕಾರ ನಮ್ಮ ಕಾಗದ ಸರಿಯಾಗೇ ಇದೆ. ನೀವು ತಪ್ಪು ಮಾಡಿಲ್ಲ."

"ನಾನು ತಪ್ಪು ಮಾಡಿದೀನೋ ಇಲ್ವೋ ಅಂತ ಕೇಳೋಕೆ ಬಂದಿಲ್ಲ ಡಾಕ್ಟರ್. ಅವ್ರಿಗೆ ಲೈಸೆನ್ಸ್ ಸಿಗಲ್ಲ."

"ಏಳು ಜನ ಗಾಬರಿಯಾಗಿ ಬಿಟ್ಟು ಹೋದರೆ ಉಳಿಯೋದು ಆರು. ಆರು ಜನಕ್ಕೆ ಈ ಕೋರ್ಸ್ ನಡೆಸೋಕಾಗುತ್ತಾ? ಆ ಆರು ಜನದ ಗತಿ? ವಕೀಲರು ಒಂದ್ಸಲ ನೋಡಲಿ. ಅಲ್ಲೀವರೆಗೆ ನೀವಾಗಿ ನೀವು ಏನೂ ಕಳಿಸಬೇಡಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥವರು ಯಾರಿಗೂ ಕೇಡು ಬಯಸುವುದಿಲ್ಲ. ಕೇಡು ಅವರ ಮೇಜಿನ ಮೇಲೆ ಸಹಿಯಿಲ್ಲದೆ ಮಲಗಿರುತ್ತದೆ, ಅಷ್ಟೇ.

ವರ್ಲೀನ್ ಕಾಯಲಿಲ್ಲ. ಮಂಡಳಿಗೆ ಮತ್ತೆ ಫೋನ್ ಮಾಡಿ ಖಚಿತ ಮಾಡಿಕೊಂಡು, ಏಳು ಕಾಗದ ಟೈಪು ಮಾಡಿ, ಪ್ರತಿಯೊಂದರ ಕೆಳಗೆ 'ದಯವಿಟ್ಟು ಅಕ್ಟೋಬರಿನ ಮೊದಲ ಶುಕ್ರವಾರದೊಳಗೆ ಜಾಗ ಬದಲಿಸಿಕೊಳ್ಳಿ' ಎಂದು ಕೈಯಾರೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಸೆಪ್ಟೆಂಬರ್ ಹದಿನೇಳರ ಬೆಳಗ್ಗೆ ನನ್ನ ಮುಂದೆ ಇಟ್ಟಳು. ಮಡ್ ಲಿಕ್ಕಿನಲ್ಲಿ ಫೋನಿಗೆ ಸಿಗ್ನಲ್ಲಿಲ್ಲ, ಇಮೇಲು ನೋಡುವವರಿಲ್ಲ. ಪೆಟ್ಟಿಗೆಗೆ ಬಿದ್ದ ಕಾಗದವನ್ನು ಮಾತ್ರ ಎಲ್ಲರೂ ತೆರೆಯುತ್ತಾರೆ.

"ಇವತ್ತೇ ಹೋಗ್ಬೇಕು ಎಲ್ವಿನ್."

"ಮೂರ್ ಗಂಟೆ ಚೀಲಕ್ಕೇ ಹಾಕ್ತೀನಿ, ಹೋಗು" ಎಂದೆ. ಹಾಕಬೇಕೆಂದೇ ಇದ್ದೆ, ದೇವರಾಣೆ.

ಎರಡು ಗಂಟೆಗೆ ಆಲ್ಡ್ರಿಚ್ ತಾವೇ ಕೆಳಗಿಳಿದು ಬಂದರು. ಅಲ್ಲಿಯವರೆಗಿನ ಅಷ್ಟೂ ವರ್ಷದಲ್ಲಿ ಆ ದರ್ಜೆಯವರು ನೆಲಮಾಳಿಗೆಗೆ ಬಂದಿದ್ದು ನಾನು ಕಂಡಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹವಾಮಾನ ಮಾತಾಡಿದರು. ನನ್ನ ಮಂಡಿ ನೋವು ಹೇಗಿದೆ ಎಂದರು. ಪೆನ್ಷನ್ ಯಾವಾಗ ಎಂದರು. ಹದಿನಾಲ್ಕು ತಿಂಗಳಿದೆ ಎಂದೆ.

"ಹದಿನಾಲ್ಕೇ! ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಗೋಗುತ್ತೆ. ಅಂದಹಾಗೆ ಎಲ್ವಿನ್, ವರ್ಲೀನ್ ಏನಾದ್ರೂ ಕವರ್ ಕೊಟ್ಟಿದ್ರೆ ನಿಮ್ಮ ಹತ್ರಾನೇ ಇರ್ಲಿ. ವಕೀಲರು ನೋಡಬೇಕು. ಎರಡು ದಿನ. ಅವ್ರಿಗೆ ಹೇಳೋಕೆ ಹೋಗ್ಬೇಡಿ, ಪಾಪ, ಬೇಜಾರು ಮಾಡ್ಕೊಳ್ತಾರೆ."

ನನ್ನ ಮೇಲೆ ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಆ ನಯದ ಮುಂದೆ "ಆಗ್ಲಿ ಸರ್" ಎಂದುಬಿಟ್ಟೆ. ಅವರು ಮೆಟ್ಟಿಲು ಹತ್ತಿದ ಮೇಲೆ ಏಳೂ ಲಕೋಟೆಗಳನ್ನು ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಎರಡು ದಿನ ತಾನೆ, ಎಂದುಕೊಂಡೆ.

ಎರಡು ದಿನ ಆಯಿತು. ನಾಲ್ಕಾಯಿತು. ಮೇಲಿನಿಂದ ಸುದ್ದಿಯಿಲ್ಲ. ನಾನೇ ಕೇಳಿದೆ, "ವಕೀಲರು ಊರಲ್ಲಿಲ್ಲ" ಎಂದರು. ವರ್ಲೀನ್ ದಿನಾ ಬರುವಳು. ಕಾಗದ ತಲುಪಿದವರು ಸಹಿ ಮಾಡಿ ಹಿಂದೆ ಕಳಿಸಬೇಕಾದ ಚೀಟಿ ಬಂದಿದೆಯೇ ಎಂದು ಕೇಳುವಳು.

"ಬಂದಿಲ್ಲ ಕಣೇ."

"ಅವತ್ತೇ ಹೋಯ್ತಲ್ವಾ?"

"ಹೋಯ್ತು."

ಎಷ್ಟು ಸಣ್ಣ ಪದ. ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಹೇಳುವುದು ಸುಲಭವಾಯಿತು. ಮೂರನೆಯ ಸಲ ಅವಳ ಮುಖ ನೋಡಿಕೊಂಡೇ ಹೇಳಿದೆ.

ಅತ್ತ ವ್ಯಾನು ಬರುತ್ತಲೇ ಇತ್ತು. ಹೆಂಗಸರು ಆಸ್ಪತ್ರೆಯ ತರಬೇತಿಗೂ ಹೋಗತೊಡಗಿದ್ದರು. ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ನೇತುಹಾಕಿಕೊಂಡು ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿದ್ದರು. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಒಂದೊಂದು ದಿನವೂ ಅವರು ಲೆಕ್ಕಕ್ಕಿಲ್ಲದ ಗಂಟೆಗಳನ್ನು ಕೂಡಿಸುತ್ತಿದ್ದರು. ನಾನು ಪರದೆ ಎಳೆದೆ.

ವರ್ಲೀನ್ ಅವರ ವ್ಯಾನು ಹತ್ತುವುದನ್ನು ಬಿಟ್ಟಳು. ಕಾರು ರಿಪೇರಿಯಾಗುವವರೆಗೆ ಬಾಡಿಗೆ ಕೊಟ್ಟು ಬಂದಳು. "ಕಾಗದ ಓದಿ ಒಬ್ರೂ ಮಾತಾಡಿಲ್ಲ ಕಣೋ. ಚರ್ಚಲ್ಲಿ ಡ್ರೀಮಾ ನಕ್ಲು. ಏನೂ ಆಗಿಲ್ಲ ಅನ್ನೋ ಹಾಗೆ ನಕ್ಲು. ಆ ನಗು ನೋಡಿ ನಂಗೆ ಅವ್ಳ ಹತ್ರ ಹೋಗೋಕೇ ಆಗ್ಲಿಲ್ಲ. ಎಷ್ಟು ಸಿಟ್ಟಿದ್ರೆ ಮನುಷ್ರು ಹಾಗ್ ನಗ್ತಾರೆ!" ಎಂದಳು. ಏನೂ ಅರಿಯದ ನಗುವನ್ನು ಅವಳು ಸಿಟ್ಟೆಂದು ತಿಳಿದಳು. ವರ್ಲೀನ್ ತಪ್ಪಿಸಿಕೊಂಡು ಓಡಾಡುವುದನ್ನು ಕಂಡು ಆ ಹೆಂಗಸರು ಅವಳಿಗೆ ಕೊಬ್ಬು ಬಂದಿದೆ ಎಂದು ಆಡಿಕೊಂಡರು. ಇವೆರಡರ ನಡುವೆ ಇದ್ದದ್ದು ನನ್ನ ಡ್ರಾಯರು.

ಕೊನೆಯ ಶುಕ್ರವಾರಕ್ಕೆ ಒಂದು ದಿನ ಮುಂಚೆ, ಗುರುವಾರ ಮಧ್ಯಾಹ್ನ ಅವಳು ಬಂದು ನನ್ನ ಸ್ಟೂಲಿನ ಮೇಲೆ ಕುಸಿದು ಕೂತಳು.

"ತರಬೇತಿ ಆಫೀಸಲ್ಲಿ ಕೇಳ್ಕೊಂಡು ಬಂದೆ. ಒಬ್ರೂ ಜಾಗ ಬದಲಿಸಿಕೊಂಡಿಲ್ಲ. ನನ್ ಮೇಲಿನ್ ಸಿಟ್ಟಿಗೆ ತಮ್ ಕಾಲಿಗೆ ತಾವೇ ಕೊಡ್ಲಿ ಹಾಕ್ಕೊಳ್ತಾರಾ ಎಲ್ವಿನ್?"

ನಾನು ಪಾರ್ಸೆಲ್ಲುಗಳನ್ನು ಜೋಡಿಸುತ್ತಿರುವವನಂತೆ ಬೆನ್ನು ತಿರುಗಿಸಿದೆ.

"ಇವತ್ ಸಂಜೆ ನಾನೇ ಡ್ರೀಮಾ ಮನೆಗೆ ಹೋಗಿ ಬಾಯಿಬಿಟ್ಟು ಹೇಳ್ಬಿಡ್ಲಾ? ಕಾಗದ ಗೀಗದ ಸಾಯ್ಲಿ. ನಾಳೆ ಒಂದೇ ದಿನ ಇರೋದು. ಹೇಳೋ, ಹೋಗ್ಲಾ?"

ಇಪ್ಪತ್ತೆರಡು ವರ್ಷದ ಗೆಳೆತನ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಸಲಹೆ ಕೇಳಿದ್ದು ಅದೊಂದೇ ಸಲ. ಅವಳು ಹೋಗಿದ್ದರೆ ಡ್ರೀಮಾ "ಯಾವ ಕಾಗದ?" ಎಂದು ಕೇಳುತ್ತಿದ್ದಳು. ಮಾರನೆಯ ಸಂಜೆಯೊಳಗೆ ಏಳು ಜನವೂ ಅರ್ಜಿ ಕೊಟ್ಟು ಬಚಾವಾಗುತ್ತಿದ್ದರು. ನನ್ನ ಬೀಗ ಬಯಲಾಗುತ್ತಿತ್ತು. ನಾನು ಯೋಚಿಸಿದ್ದು ಕೊನೆಯದನ್ನು ಮಾತ್ರ.

"ಬೇಡ ಕಣೇ" ಎಂದೆ. "ಕಾಗದ ತಲುಪಿದೆ. ದೊಡ್ಡೋರು ಅವ್ರು, ಓದಿದಾರೆ, ಅವ್ರ ನಿರ್ಧಾರ ಅವ್ರದ್ದು. ಬಾಯಲ್ಲಿ ಹೇಳಿದ್ರೆ ಏನಾಗುತ್ತೆ ಅಂತ ನಿಂಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

 "ನೀನ್ ಹೇಳೋದೂ ಸರಿ" ಎಂದು ಅವಳು ಎದ್ದು ಹೋದಳು. ಬೇರೆ ಯಾರು ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ಅವಳ ಹಟದ ಬೇರು ಎಲ್ಲಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಅಲ್ಲಿಗೇ ಕೈ ಹಾಕಿದೆ.

ಶುಕ್ರವಾರ ಸಂಜೆ ಐದಕ್ಕೆ ತರಬೇತಿ ಆಫೀಸಿನ ಬಾಗಿಲು ಮುಚ್ಚಿತು. ಸೋಮವಾರ ಬೆಳಗ್ಗೆ ಆಲ್ಡ್ರಿಚ್ ಫೋನ್ ಮಾಡಿದರು. "ಆ ಕವರುಗಳು ಹೋಗಬಹುದು ಎಲ್ವಿನ್. ವಕೀಲರು ಒಪ್ಪಿದಾರೆ." ನಾನು ತೆಗೆದು ಒಂದೊಂದಕ್ಕೂ ಮುದ್ರೆ ಒತ್ತಿದೆ. ಮುದ್ರೆಯ ಯಂತ್ರದಲ್ಲಿ ಆ ದಿನದ ತಾರೀಕು ತಾನಾಗಿ ಬೀಳುತ್ತದೆ.

ಬುಧವಾರ ಡ್ರೀಮಾ ಆ ಲಕೋಟೆಯನ್ನು ಹಿಡಿದು ವರ್ಲೀನಳ ಕಿಟಕಿಗೆ ಬಂದಳು. ನಾನು ಟಪಾಲಿನ ಗಾಡಿಯೊಂದಿಗೆ ಅದೇ ಓಣಿಯಲ್ಲಿ ಸಿಕ್ಕಿಕೊಂಡೆ.

"ಶುಕ್ರವಾರದೊಳಗೆ ಬದಲಿಸ್ಕೊಳಿ ಅಂತ ಬರ್ದಿದೀರಿ. ಯಾವ್ ಶುಕ್ರವಾರ, ಮಿಸ್ ವರ್ಲೀನ್? ಶುಕ್ರವಾರ ಹೋಗಿ ಐದ್ ದಿನ ಆಯ್ತು. ಒಳಗಡೆ ಸೆಪ್ಟೆಂಬರ್ ಹದಿನೇಳು ಅಂತಿದೆ, ಹೊರಗಡೆ ಮೊನ್ನೆ ತಾರೀಕಿನ ಮುದ್ರೆ ಇದೆ. ಇಷ್ಟ್ ದಿನ ಇದು ಎಲ್ಲಿತ್ತು?" ಕಿರುಚಲಿಲ್ಲ. ಲಕೋಟೆಯನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟಳು. "ಕ್ಲಿನಿಕ್ಕಿನೋರು ಜೂನ್‌ವರ್ಗೂ ಮಾತ್ರ ಕಾಯ್ತಾರೆ. ರಾಯ್ಸ್ ಫೋಟೋ ಮುಂದೆ ನಿಂತು ಮಾತು ಕೊಟ್ಟಿದೀನಿ ನಾನು. ಎಲ್ಲಿತ್ತು ಇದು?"

ವರ್ಲೀನ್ ಲಕೋಟೆಯನ್ನು ತೆಗೆದುಕೊಂಡು ಮುದ್ರೆಯನ್ನು ನೋಡಿದಳು. ಆಮೇಲೆ ತಲೆಯೆತ್ತಿ, ಡ್ರೀಮಾಳ ಭುಜದ ಮೇಲಿನಿಂದ ನನ್ನನ್ನು ನೋಡಿದಳು. ನನ್ನ ಕೈ ಗಾಡಿಯ ಹಿಡಿಯ ಮೇಲಿತ್ತು.  ಒಂದು ಮಾತು, ಒಂದೇ ಬೆರಳು ತೋರಿಸಿದ್ದರೆ ಸಾಕಿತ್ತು.

"ನನ್ ಹತ್ರ ಇತ್ತು" ಎಂದಳು ವರ್ಲೀನ್. "ಚೀಲದಲ್ಲಿಟ್ಕೊಂಡು ಮರ್ತೆ."

ಡ್ರೀಮಾ ಅವಳ ಮುಖಕ್ಕೆ ಉಗುಳಲಿಲ್ಲ, ಅಷ್ಟೇ. ತಿರುಗಿ ಹೋದಳು. ಸಂಜೆ ಐದರ ಹೊತ್ತಿಗೆ ವರ್ಲೀನ್ ನೆಲಮಾಳಿಗೆಗೆ ಇಳಿದು ಬಂದಳು. ನಾನು ಅತ್ತೆನೆಂದು ಬರೆದರೆ ಸುಳ್ಳಾಗುತ್ತದೆ. ಅಳು ಬರಲಿಲ್ಲ, ಹೆದರಿಕೆ ಮಾತ್ರ ಇತ್ತು.

"ಇನ್ನೆಷ್ಟು ತಿಂಗ್ಳು ನಿನ್ ಪೆನ್ಷನ್ನಿಗೆ?"

"ಹದಿಮೂರು."

"ನಂದು ಹೋದ್ ವರ್ಷಾನೇ ಪಕ್ಕಾ ಆಯ್ತು. ನಿಂದು ನೀನ್ ಉಳಿಸ್ಕೊ" ಎಂದಳು. ಬಾಗಿಲ ಹತ್ತಿರ ಹೋಗಿ ತಿರುಗಿ, "ಗುರುವಾರ ಮಾತ್ರ ನಂಗೆ ಹೋಗು ಅನ್ಬೇಕಿತ್ತು ಕಣೋ" ಎಂದಳು. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ನಿರ್ಲಕ್ಷ್ಯ ಎಂದು ಬರೆದು ಕಾಲೇಜು ಅವಳನ್ನು ಕ್ರಿಸ್‌ಮಸ್ಸಿಗೆ ಮುಂಚೆ ಮನೆಗೆ ಕಳಿಸಿತು. ಆಲ್ಡ್ರಿಚ್ ಅವಳ ಬೀಳ್ಕೊಡುಗೆಗೆ ಕೇಕು ತರಿಸಿದ್ದರು, ಅವಳು ಬರಲಿಲ್ಲ. ಮಡ್ ಲಿಕ್ಕಿನಲ್ಲಿ ಅವಳಿಗೆ ಮಾತು ನಿಂತಿತು. ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ವಸಂತದಲ್ಲಿ ಮನೆ ಮಾರಿ ಎಲ್ಲೋ ದೂರದ ರಾಜ್ಯದಲ್ಲಿರುವ ತಂಗಿಯ ಊರಿಗೆ ಹೋದಳು. ಏಳು ಹೆಂಗಸರಲ್ಲಿ ಮೂವರು ಓದು ಬಿಟ್ಟರು. ಇನ್ನು ಮೂವರು ಈಚೆ ದಡದ ಲೈಸೆನ್ಸ್ ತೆಗೆದುಕೊಂಡು ಈಚೆಗೇ ಬಂದು ನೆಲೆಸಿದರು. ಡ್ರೀಮಾ ಬರಲಿಲ್ಲ. ಆ ಕಣಿವೆ ಬಿಟ್ಟು ಬರುವುದಿಲ್ಲ ಎಂದಳು. ಮತ್ತೆ ಮುದುಕರ ಮೈ ತೊಳೆಸುತ್ತಿದ್ದಾಳೆ. ಜೂನ್ ಬಂತು, ಕ್ಲಿನಿಕ್ಕಿನ ಆ ಕೋಣೆಯಲ್ಲಿ ಪೆಟ್ಟಿಗೆಗಳನ್ನು ಪೇರಿಸಿದರು. ಚರ್ಚಿನ ಗೋಡೆಗೆ ಆಮೇಲೆ ಇನ್ನೂ ನಾಲ್ಕು ಫೋಟೋ ಬಂದಿವೆ. ನಾಲ್ಕರಲ್ಲಿ ಯಾರು ಉಳಿಯುತ್ತಿದ್ದರು, ಯಾರು ಇಲ್ಲ, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ನನಗೆ ಪೆನ್ಷನ್ ಬಂತು. ಹೋದ ಚಳಿಗಾಲ ಮಂಡಿಯ ಆಪರೇಷನ್ ಆಗಿ ಹಾಸಿಗೆ ಹಿಡಿದೆ. ಏಜೆನ್ಸಿಯವರು ನನ್ನ ಮೈತೊಳೆಸಲು ಕಳಿಸಿದ್ದು ಡ್ರೀಮಾಳನ್ನು. ಆರು ವಾರ ಬಂದಳು. ಒಳ್ಳೆಯ ಕೈ. ನೀರು ಬಿಸಿ ಹೆಚ್ಚಾಯಿತೇ ಎಂದು ಮೊದಲು ತನ್ನ ಮೊಣಕೈಗೆ ಹಾಕಿ ನೋಡುತ್ತಿದ್ದಳು.

ಕೊನೆಯ ದಿನ ಒಣಸೇಬಿನ ಕೇಕು ಮಾಡಿಕೊಂಡು ಬಂದಿದ್ದಳು. ಕೊಯ್ದು ತಟ್ಟೆಗೆ ಹಾಕುತ್ತ, "ನೀವಿಬ್ರೂ ಒಂದೇ ಕಡೆ ಕೆಲ್ಸ ಮಾಡ್ತಿದ್ರಿ ಅಲ್ವಾ ಮಿಸ್ಟರ್ ಎಲ್ವಿನ್, ಆ ವರ್ಲೀನ್ ಜೊತೆ?" ಎಂದಳು. "ಕಣ್ಮುಚ್ಕೊಂಡು ಹಾಲು ಕುಡಿಯೋ ಬೆಕ್ಕಿನ್ ಹಾಗೆ ಇದ್ಲು. ಏಳ್ ಜನ ಹೆಂಗಸ್ರ ಬಾಳು ಚೀಲದಲ್ಲಿಟ್ಕೊಂಡು ಮರೀತಾರಾ ಯಾರಾದ್ರೂ? ಅವ್ಳಿಗೆ ಒಳ್ಳೇದಾಗಲ್ಲ. ನೀವೇ ಹೇಳಿ, ಮರೀತಾರಾ?"

ನಾನು ಬಾಯಿ ತೆರೆದೆ. ಅವಳು ಚಮಚದಲ್ಲಿ ಕೇಕು ಇಟ್ಟಳು. ಅಗಿದೆ, ನುಂಗಿದೆ.

"ಇಲ್ಲ" ಎಂದೆ. "ಹಾಗೆಲ್ಲ ಮರೆಯೋರಲ್ಲ."

"ನೋಡಿದ್ರಾ" ಎಂದು ಅವಳು ಇನ್ನೊಂದು ಚೂರು ಹಾಕಿದಳು.